ಮಳೆಗೇಟಿನ ಹಿಮ್ಮಡಿ

ನನ್ನ ಎಡಗಾಲಿನ ಕಿರುಬೆರಳು ಹೊರಕ್ಕೆ ಸೊಟ್ಟಗೆ ತಿರುಗಿದೆ. ನನ್ನ ಅಮ್ಮನದೂ ಹಾಗೆಯೇ. ಇಷ್ಟು ಸಣ್ಣ ವಿಷಯವನ್ನು ಮುಚ್ಚಿಡುವುದಕ್ಕೆ ನಾನು ಎಷ್ಟು ಒದ್ದಾಡಿದೆ ಎಂದು ಹೇಳಲು ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ. ಹೇಳದೆ ಇಟ್ಟುಕೊಂಡು ಆದದ್ದೇನು ಎಂಬುದನ್ನು ಕಂಡಿದ್ದೇನೆ.

ನನ್ನ ಹೆಸರು ಅನಿಸೆ. ನಾನು ಮಳೆಗೇಟು ಕಾಯುವವನಾಗಿದ್ದೆ. ಆಗ ನಮ್ಮದು ಕೆಂಪು ಮಣ್ಣಿನ ರಸ್ತೆ. ಕಾಂಗೋ ಗಡಿಯಿಂದ ಹೊರಟು, ಕಾಡು ಸೀಳಿಕೊಂಡು, ಯೊಕಾಡುಮ ದಾಟಿ ಪಶ್ಚಿಮಕ್ಕೆ ಹೋಗಿ ದುವಾಲದ ಬಂದರು ಮುಟ್ಟುತ್ತದೆ. ಇಲ್ಲಿಂದ ಮರದ ದಿಮ್ಮಿ ಹೋಗುತ್ತದೆ. ಅಲ್ಲಿಂದ ಉಪ್ಪು, ಒಣಮೀನು, ಸೋಪು, ಸೀಮೆಎಣ್ಣೆ ಬರುತ್ತದೆ. ಮಳೆ ಬಿದ್ದರೆ ಈ ರಸ್ತೆ ಗಂಜಿ. ಆ ಗಂಜಿಯ ಮೇಲೆ ಒಂದೇ ಒಂದು ದಿಮ್ಮಿ ಲಾರಿ ಹೋದರೂ ಸಾಕು, ಮೊಳದುದ್ದ ಹಳ್ಳ ಬಿದ್ದು ಎರಡು ದೇಶದ ನಡುವಿನ ವ್ಯಾಪಾರ ನಿಂತುಹೋಗುತ್ತದೆ. ಅದಕ್ಕೇ ದಾರಿಯುದ್ದಕ್ಕೂ ಅಲ್ಲಲ್ಲಿ ಅಡ್ಡಗಂಬ ಹಾಕಿದ್ದಾರೆ. ಮಳೆ ಶುರುವಾದ ಕೂಡಲೇ ಗಂಬ ಇಳಿಸಬೇಕು. ಮೋಟರ್ ಸೈಕಲ್, ಸಣ್ಣ ಗಾಡಿ ಬದಿಯಿಂದ ನುಸುಳಬಹುದು. ಲಾರಿ ಮಾತ್ರ, ರಸ್ತೆ ಒಣಗುವ ತನಕ, ಯಾರದೇ ಆಗಿರಲಿ, ನಿಲ್ಲಬೇಕು.

ಒಣಗಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಬೇರೆ ಗೇಟಿನವರು ಗಡಿಯಾರ ನೋಡುತ್ತಾರೆ. ನಾನು ಬರಿಗಾಲಲ್ಲಿ ನಡುರಸ್ತೆಗೆ ಹೋಗಿ, ಎಡಗಾಲು ಊರಿ, ಮೈಭಾರವನ್ನೆಲ್ಲ ಹಿಮ್ಮಡಿಯ ಮೇಲೆ ಬಿಟ್ಟು ನಿಲ್ಲುತ್ತಿದ್ದೆ. ಕಾಲೆತ್ತಿದಾಗ ಹಿಮ್ಮಡಿಯ ಗುಳಿಯಲ್ಲಿ ನೀರು ಒಸರಿದರೆ ಗೇಟು ತೆಗೆಯುತ್ತಿರಲಿಲ್ಲ. ಗುಳಿ ಒಣಗೇ ಉಳಿದರೆ ತೆಗೆಯುತ್ತಿದ್ದೆ. ನನ್ನ ಲೆಕ್ಕ ಒಮ್ಮೆಯೂ ತಪ್ಪಿದ್ದಿಲ್ಲ. ರಸ್ತೆ ಇಲಾಖೆಯವರು, ನಾನು ನೋಡುವ ಬಗೆ ಗೊತ್ತಿಲ್ಲದೆಯೇ, ನನ್ನನ್ನು ಹೊಗಳುತ್ತಿದ್ದರು. ಎಲ್ಲಿ ಕಲಿತೆ ಎಂದು ಕೇಳಿದರೆ ಮಿಷನ್ ಶಾಲೆಯಲ್ಲಿ ಎನ್ನುತ್ತಿದ್ದೆ.

ಸುಳ್ಳು. ಕಲಿಸಿದ್ದು ಅಮ್ಮ. ಆನೆ ಹೋಗಿ ಎಷ್ಟು ಹೊತ್ತಾಯಿತು ಎಂದು ತಿಳಿಯಲು ಅದರ ಹೆಜ್ಜೆಯ ಪಕ್ಕ ತನ್ನ ಹಿಮ್ಮಡಿ ಊರಿ ನೀರು ನೋಡುತ್ತಿದ್ದಳು. ಅವಳು ಬಾಕಾ. ಕಾಡಿನವಳು. ನಮ್ಮ ಕಡೆ ಬಾಕಾ ಎಂದರೆ ಏನು ಎಂದು ಗೊತ್ತಲ್ಲ. ಕುಳ್ಳರು, ನಾರುವವರು, ಕೂಗಿದರೆ ಬಂದು ತೋಟ ಕೀಳುವವರು, ಕೊಟ್ಟದ್ದು ತಿಂದು ಹೋಗುವವರು. ಅಪ್ಪ ಬಂಗಾಂಡೊ ಕುಲದವನು, ಊರಿನವನು. ಅಮ್ಮ ಅವನ ಕೋಕೋ ತೋಟಕ್ಕೆ ಕೂಲಿಗೆ ಬರುತ್ತಿದ್ದಳು. ನನಗೆ ಆರು ವರ್ಷವಾದಾಗ ಅಪ್ಪ ನನ್ನನ್ನು ತನ್ನ ಮನೆಗೆ ಕರೆದುಕೊಂಡು ಹೋದ. ನಾನು ಎತ್ತರವಿದ್ದೆ. ಅಪ್ಪನ ಮೂಗು ಬಂದಿತ್ತು. ಯಾರಾದರೂ ಕೇಳಿದರೆ ತಾಯಿ ಸತ್ತಳು ಅನ್ನು ಎಂದು ಹೇಳಿಕೊಟ್ಟ. ಅಂದೆ. ಅಂದೂ ಅಂದೂ ನನಗೇ ನಿಜವಾಯಿತು.

ಗೇಟಿನ ಕೆಲಸ ಸಿಕ್ಕಿದ್ದು ಅಪ್ಪನ ಊರಿನಿಂದ ಬಹಳ ದೂರದ ಲೊಕೊಮೆಯಲ್ಲಿ. ಅಲ್ಲಿ ನನ್ನ ಹುಟ್ಟು ಯಾರಿಗೂ ತಿಳಿಯದು. ಪೆಲಾಜಿ ಎಂಬ ಹೆಂಗಸಿನ ಕಾಫಿ ಅಂಗಡಿಯಲ್ಲಿ ನಾನು ಒಳಗೆ, ಮೇಜಿನ ಮುಂದೆ, ಗಾಜಿನ ಲೋಟ ಹಿಡಿದು ಕೂರುತ್ತಿದ್ದೆ. ಅವಳ ಬೆಂಚಿನ ಕೆಳಗೆ ಒಂದು ನಗ್ಗಿದ ತಗಡಿನ ಚೊಂಬಿತ್ತು. ಬಾಕಾ ಯಾರಾದರೂ ಸೌದೆ ತಂದರೆ ಅದರಲ್ಲಿ ಕಾಫಿ ಹುಯ್ದು ಹೊರಗೆ ಕಲ್ಲಿನ ಮೇಲೆ ಇಡುತ್ತಿದ್ದಳು. ಕುಡಿದವರೇ ತೊಳೆದು ಇಡಬೇಕು. ನಾನು ಅದನ್ನು ದಿನಾ ನೋಡುತ್ತಿದ್ದೆ. ಸಕ್ಕರೆ ಸ್ವಲ್ಪ ಜಾಸ್ತಿ ಹಾಕಮ್ಮ ಎನ್ನುತ್ತಿದ್ದೆ, ನನ್ನ ಲೋಟಕ್ಕೆ.

ನಾನು ಅಲ್ಲಿಗೆ ಹೋದ ಮರುವರ್ಷ ಗೇಟಿನ ಆಚೆ ಒಂದು ಬಾಕಾ ಗುಂಪು ಬಂದು ಎಲೆಯ ಗುಡಿಸಲು ಹಾಕಿತು. ಸುಮಾರು ಮೂವತ್ತು ಜನ. ಅವರಲ್ಲಿ ಅಮ್ಮ ಇದ್ದಳು. ಲೆಂಬಿ ಅವಳ ಹೆಸರು. ಅವಳ ತಮ್ಮ ಎಂಜೊಂಬೊ ಆ ಗುಂಪಿನ ಹಿರಿಯ. ಮಗ ಇಲ್ಲಿದ್ದಾನೆಂದು ಯಾರಿಂದ ತಿಳಿಯಿತೋ. ಅವಳು ನನ್ನನ್ನು ಮಗ ಎನ್ನಲಿಲ್ಲ. ಹತ್ತಿರ ಬರಲೂ ಇಲ್ಲ. ಆದರೆ ಬೆಳಿಗ್ಗೆ ಗಂಬದ ಪಕ್ಕದ ಮೊಂಡುಕಟ್ಟೆಯ ಮೇಲೆ ಎಲೆಯಲ್ಲಿ ಸುತ್ತಿದ ಕಾಡುಗೆಣಸು ಇರುತ್ತಿತ್ತು. ಸುಟ್ಟದ್ದು, ಇನ್ನೂ ಬಿಸಿ. ನಾನು ಆಚೀಚೆ ನೋಡಿ ಎತ್ತಿಕೊಳ್ಳುತ್ತಿದ್ದೆ. ತಿನ್ನುತ್ತಿದ್ದೆ. ಅದೇನಯ್ಯ ದಿನಾ ಗೆಣಸು ಎಂದು ಪೆಲಾಜಿ ಕೇಳಿದಾಗ, ಒಂದು ಚಿಟಿಕೆ ಉಪ್ಪು ಕೊಟ್ಟರೆ ಆ ಮುದುಕಿ ತಂದು ಹಾಕುತ್ತಾಳೆ ಎಂದೆ. ಒಂದು ಕಾಳು ಉಪ್ಪನ್ನೂ ನಾನು ಅವಳಿಗೆ ಕೊಟ್ಟಿರಲಿಲ್ಲ.

ಆ ವರ್ಷದ ಕೊನೆಯ ಮಳೆ ನವೆಂಬರಿನ ಒಂದು ಮಂಗಳವಾರ ಬಿತ್ತು. ಮಧ್ಯಾಹ್ನದ ಹೊತ್ತಿಗೆ ನಿಂತಿತು. ಗೇಟಿನ ಮುಂದೆ ಒಂದೇ ಲಾರಿ ಇತ್ತು. ಮೂರು ದಿಮ್ಮಿ, ಒಂದೊಂದೂ ಆಳೆತ್ತರದ ದಪ್ಪ. ಚಾಲಕ ಇಸ್ಸೂಫ ಇಳಿದು ಬಂದ. ಬಂದರಿನಲ್ಲಿ ಹಡಗು ಕಾಯುತ್ತಿದೆ, ಕಂಪನಿಯವರು ನನ್ನ ತಲೆ ತಿನ್ನುತ್ತಿದ್ದಾರೆ ಎಂದ. ನಾನು ನಡುರಸ್ತೆಗೆ ಹೋಗಿ ಎಡಗಾಲು ಊರಿದೆ. ಕಾಲೆತ್ತಿದೆ. ಗುಳಿಯ ತುಂಬ ನೀರು. ಆಗೋದಿಲ್ಲ, ನಾಳೆ ಮಧ್ಯಾಹ್ನದವರೆಗೆ ಆಗೋದಿಲ್ಲ ಎಂದೆ.

ಇಸ್ಸೂಫ ನನ್ನ ಕಾಲನ್ನು ನೋಡಿದ. ತುಂಬ ಹೊತ್ತು ನೋಡಿದ. ಆಮೇಲೆ ನಕ್ಕ.

"ಎಷ್ಟು ದಿನಾಂತ ಈ ಕಾಲು ತೋರಿಸ್ಕೊಂಡು ಓಡಾಡ್ತೀಯ? ಸರ್ಕಾರಿ ಮನುಷ್ಯ ನೀನು" ಎಂದ. ಲಾರಿಯ ಸೀಟಿನ ಹಿಂದಿನಿಂದ ಒಂದು ಜೊತೆ ರಬ್ಬರ್ ಬೂಟು ತೆಗೆದ. ಕಪ್ಪು, ಹೊಸದು, ಮೊಳಕಾಲವರೆಗೆ ಬರುವಂಥದ್ದು.

ಅವನಿಗೆ ನನ್ನ ಬೆರಳಿನ ವಿಷಯ ಗೊತ್ತಿತ್ತೋ, ಸುಮ್ಮನೆ ಹಾಸ್ಯಕ್ಕೆ ಅಂದನೋ, ಇವತ್ತಿಗೂ ತಿಳಿಯದು. ನನಗೆ ಮಾತ್ರ ಬೆವರಿಳಿಯಿತು. ಆ ಬೆರಳನ್ನು ಮುಚ್ಚುವ ಬೂಟು. ನಾನು ಅಲ್ಲೇ ಕೂತು ಹಾಕಿಕೊಂಡೆ. ಗಂಬ ಎತ್ತಿದೆ.

ಲಾರಿ ಗೇಟಿನ ಮುಂದಿನ ಇಳಿಜಾರಿನವರೆಗೂ ಹೋಗಲಿಲ್ಲ. ಬಲಗಡೆಯ ಚಕ್ರ ಹೂತಿತು. ಇಸ್ಸೂಫ ಹಿಂದೆ ಮುಂದೆ ಎಳೆದಾಡಿದ. ರಸ್ತೆಯ ಅಂಚೇ ಕುಸಿದು, ಕೆಳಗಿದ್ದ ಮರದ ಮೋರಿ ಮುರಿದು, ಲಾರಿ ವಾಲಿ ನಿಂತಿತು. ಅದನ್ನು ಕಂಪನಿಯ ಯಂತ್ರ ಬಂದು ಎಳೆದು ತೆಗೆಯಲು ನಾಲ್ಕು ದಿನ ಹಿಡಿಯಿತು. ತೆಗೆದ ಮೇಲೆ ನೋಡಿದರೆ ರಸ್ತೆಯಲ್ಲಿ ಹಸು ಬಿದ್ದರೂ ಕಾಣದಷ್ಟು ಆಳದ ಹಳ್ಳ. ಮಳೆ ಮತ್ತೆ ಬರಲಿಲ್ಲ. ಬಿಸಿಲು ಹೊಡೆದು ಎಲ್ಲ ಇಟ್ಟಿಗೆಯಾಯಿತು.

ಯಾರು ಮಾಡಿದ್ದು ಎಂದು ಕೇಳುತ್ತಾರೆ. ಕೇಳುವ ಮುಂಚೆಯೇ ನಾನು ಗೇಟಿನ ಪುಸ್ತಕದಲ್ಲಿ ಬರೆದೆ. ಬುಧವಾರ ಮಧ್ಯಾಹ್ನ, ರಸ್ತೆ ಒಣಗಿದ ನಂತರ, ಗೇಟು ತೆಗೆಯಲಾಯಿತು. ಬಾಕಾ ಜನರು ಕಾಡುಗೆಣಸಿಗಾಗಿ ರಸ್ತೆಯ ಅಂಚನ್ನು ಅಗೆದಿದ್ದರಿಂದ ಕುಸಿಯಿತು. ಅಕ್ಷರ ಚೆನ್ನಾಗಿತ್ತು. ಮಿಷನ್ ಶಾಲೆಯಲ್ಲಿ ನಿಜವಾಗಿ ಕಲಿತದ್ದು ಅದೊಂದೇ. ಬರೆದು ಮುಗಿಸಿ, ಮೊಂಡುಕಟ್ಟೆಯ ಮೇಲಿದ್ದ ಗೆಣಸನ್ನು ತಿಂದೆ.

ಇಸ್ಸೂಫ ಬಾಯಿ ಮುಚ್ಚಿಕೊಂಡ. ಕಂಪನಿಯೂ ಮುಚ್ಚಿಕೊಂಡಿತು. ಲೊಕೊಮೆಯವರಿಗೆ ನಂಬುವುದು ಕಷ್ಟವೇ ಆಗಲಿಲ್ಲ. ಬಾಕಾಗಳು ಅಂದರೆ ಸಾಕು, ಯಾವ ಮಾತನ್ನಾದರೂ ನಂಬುತ್ತಾರೆ. ಮಂಗಳವಾರವೇ ಲಾರಿ ಹೂತದ್ದನ್ನು ಕಣ್ಣಾರೆ ಕಂಡವರೂ ಬುಧವಾರ ಅಂದರು.

ಪೊಲೀಸರು ಬಂದು ಎಂಜೊಂಬೊನನ್ನು ಹಿಡಿದರು. ಅಗೆಯುವ ಕೋಲು ಅವನ ಗುಡಿಸಲಲ್ಲಿ ಸಿಕ್ಕಿತಂತೆ. ಕಾಡುಗೆಣಸು ತಿನ್ನುವ ಜನ. ಪ್ರತಿ ಗುಡಿಸಲಿನಲ್ಲೂ ಅಂಥ ಕೋಲಿರುತ್ತದೆ. ಕೈಗೆ ಹಗ್ಗ ಕಟ್ಟಿ ಜೀಪಿನ ಹಿಂದೆ ಹತ್ತಿಸಿದರು. ಆ ರಸ್ತೆಯಲ್ಲಿ ಓಡಾಡುವ ಯಾವ ಬಾಡಿಗೆ ಗಾಡಿಯವನೂ ಬಾಕಾಗಳನ್ನು ಕೂರಿಸುವುದಿಲ್ಲ, ಸೀಟು ನಾರುತ್ತದೆ ಎನ್ನುತ್ತಾರೆ. ಎಂಜೊಂಬೊ ಜೀವಮಾನದಲ್ಲಿ ಮೊದಲ ಸಲ ಗಾಡಿ ಹತ್ತಿದ್ದು ಹಾಗೆ. ಹೋಗುವಾಗ ನನ್ನ ಗೇಟಿನ ಮುಂದೆಯೇ ಹೋದ. ಹಳ್ಳದಿಂದಾಗಿ ಗಂಬ ಇಳಿದೇ ಇತ್ತು, ನಾನೇ ಎತ್ತಿದೆ. ಅವನು ನನ್ನ ಬೂಟು ನೋಡಿದ.

ಉಳಿದವರಿಗೆ ಶಿಕ್ಷೆ, ರಸ್ತೆ ತುಂಬಿಸುವುದು. ಹಳ್ಳ ಮುಚ್ಚುವವರೆಗೆ ಗುಂಪು ಜಾಗ ಬಿಟ್ಟು ಕದಲಕೂಡದು. ಮಳೆಯಿಲ್ಲದ ಕಾಲ ಶುರುವಾಗುತ್ತಿತ್ತು. ಬಾಕಾಗಳು ಗೆಣಸು ಹುಡುಕಿಕೊಂಡು ದೂರದ ಕಾಡಿಗೆ ಹೊರಡುವ ಕಾಲ ಅದು. ಎರಡು ತಿಂಗಳು ಅಲ್ಲಿ ತಿಂದು ಮೈ ಕೂಡಿಸಿಕೊಂಡು ಬರುತ್ತಾರೆ. ಆ ಪಯಣ ತಪ್ಪಿದರೆ ಊರಿನವರ ಬಾಗಿಲಲ್ಲಿ ಮರಗೆಣಸಿನ ಸಿಪ್ಪೆಗೆ ನಿಲ್ಲಬೇಕು. ಇದು ನನಗೆ ಗೊತ್ತಿತ್ತು. ಇಲಾಖೆಗೆ ಗೊತ್ತಿರಲಿಲ್ಲ. ನಾನು ಹೇಳಲಿಲ್ಲ.

ಕೆಲಸ ನೋಡಿಕೊಳ್ಳುವುದು ಯಾರು? ಗೇಟಿನವನು. ನಾನೇ.

ಕಲ್ಲು ಹೊಳೆಯಿಂದ ತರಬೇಕು. ಹೊಳೆ ಅರ್ಧ ಗಂಟೆಯ ನಡಿಗೆ. ಬೆತ್ತದ ಬುಟ್ಟಿ ಬೆನ್ನ ಮೇಲೆ. ಅದರ ತೊಗಟೆಯ ಪಟ್ಟಿ ಹಣೆಯ ಮೇಲೆ. ಭಾರವೆಲ್ಲ ಕತ್ತಿನ ಮೇಲೆ ಬೀಳುತ್ತದೆ. ತಲೆ ಎತ್ತುವ ಹಾಗಿಲ್ಲ. ಕಣ್ಣಿಗೆ ಕಾಣುವುದು ನೆಲ ಮಾತ್ರ. ಹೆಂಗಸರು ಕಂಕುಳಲ್ಲಿ ಕೂಸು ಕಟ್ಟಿಕೊಂಡು ಹೊತ್ತರು. ಬೆಳಿಗ್ಗೆಯಿಂದ ಸಂಜೆವರೆಗೆ. ಎರಡನೆಯ ದಿನಕ್ಕೆ ಹಣೆಗಳಲ್ಲಿ ಪಟ್ಟಿಯ ಅಗಲಕ್ಕೆ ಚರ್ಮ ಕಿತ್ತು ಬಂತು. ಮೂರನೆಯ ದಿನ ಅಮ್ಮನ ಹಣೆಯ ಗಾಯದ ನೀರು ಕಣ್ಣಿಗಿಳಿಯುತ್ತಿತ್ತು. ಅವಳು ಒರೆಸಿಕೊಳ್ಳುತ್ತಿರಲಿಲ್ಲ, ಕೈ ಎರಡೂ ಪಟ್ಟಿ ಹಿಡಿದಿದ್ದವು. ನಾನು ನೆರಳಲ್ಲಿ ಬೂಟು ಹಾಕಿಕೊಂಡು ನಿಂತಿದ್ದೆ. ಬೇಗ, ಬೇಗ ಎನ್ನುತ್ತಿದ್ದೆ. ಸುಮ್ಮನೆ ನಿಂತರೆ ಯಾರಾದರೂ ಏನಾದರೂ ತಿಳಿದುಕೊಂಡಾರು ಎಂಬ ಭಯ.

ನೆಲ ಮಾತ್ರ ಕಾಣುವವರಿಗೆ ನೆಲದಲ್ಲಿರುವುದೆಲ್ಲ ಕಾಣುತ್ತದೆ. ಇದನ್ನು ನಾನು ಯೋಚಿಸಿರಲಿಲ್ಲ. ಗೇಟಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ನನ್ನ ಎಡಗಾಲಿನ ಗುರುತು ಒಣಗಿ ಗಟ್ಟಿಯಾಗಿ ಕೂತಿತ್ತು. ಆಳದ ಹಿಮ್ಮಡಿ, ಗುಳಿಯ ಸುತ್ತ ನೀರು ನಿಂತು ಇಂಗಿದ ಗೆರೆ, ಹೊರಕ್ಕೆ ತಿರುಗಿದ ಕಿರುಬೆರಳು. ಅದರ ಅರ್ಧದ ಮೇಲೆ ಲಾರಿಯ ಟೈರಿನ ಹಲ್ಲು. ಮೊದಲ ದಿನವೇ ಅಮ್ಮ ಅಲ್ಲಿ ನಿಂತದ್ದನ್ನು ಕಂಡೆ. ಅವಳು ಹಳೆಯದೊಂದು ಬುಟ್ಟಿ ತಂದು ಅದರ ಮೇಲೆ ಬೋರಲು ಹಾಕಿದಳು. ಯಾರೂ ತುಳಿಯದ ಹಾಗೆ. ನನಗೆ ಅರ್ಥವಾಯಿತು. ಒದ್ದು ಅಳಿಸಿಬಿಡಬಹುದಿತ್ತು. ಅವಳ ಕಣ್ಣೆದುರು ಅದನ್ನು ಮಾಡಲು ಧೈರ್ಯ ಬರಲಿಲ್ಲ, ಮರೆಯಲ್ಲಿ ಮಾಡಲು ಅವರು ಬಿಡಲಿಲ್ಲ. ಯಾರಾದರೊಬ್ಬರು ಅಲ್ಲೇ ಕೂತು ದಣಿವಾರಿಸಿಕೊಳ್ಳುತ್ತಿದ್ದರು.

ಮೂರನೆಯ ದಿನ ಕೆಲಸ ಬಿಟ್ಟ ಮೇಲೆ ಅಮ್ಮ ಗೇಟಿನ ಬಳಿ ಬಂದಳು. ಕೈಯಲ್ಲಿ ಗೆಣಸಿರಲಿಲ್ಲ. ಸೂರ್ಯ ಇನ್ನೂ ಇಳಿದಿರಲಿಲ್ಲ. ಪೆಲಾಜಿಯ ಅಂಗಡಿಯಲ್ಲಿ ಇಬ್ಬರು ಮೂವರು ಕೂತು ಇತ್ತಲೇ ನೋಡುತ್ತಿದ್ದರು. ಅಮ್ಮ ಬಾಕಾ ಮಾತಿನಲ್ಲಿ, ಮೆಲ್ಲಗೆ, ತಾನಿಟ್ಟ ಹೆಸರಿನಿಂದ ನನ್ನನ್ನು ಕರೆದಳು. ಹದಿನೆಂಟು ವರ್ಷದ ಮೇಲೆ ಕೇಳಿದ ಹೆಸರು.

"ಯಾಂಗ, ನಿನ್ನ ಮಾವ ಅಲ್ಲಿ ಏನೂ ತಿಂತಿಲ್ವಂತೆ. ಕೆಮ್ಮು ಬೇರೆ. ನೀನು ಒಂದು ಮಾತು ಹೇಳಿದ್ರೆ ಬಿಡ್ತಾರೆ. ನೀನೇ ಹೇಳು ಮಗ. ನನ್ ಬಾಯಿಂದ ಹೇಳಿಸ್ಬೇಡ."

ಪ್ರತಿ ಶಬ್ದವೂ ತಿಳಿಯಿತು. ಪೆಲಾಜಿ ಕತ್ತು ಉದ್ದ ಮಾಡಿ ನೋಡುತ್ತಿದ್ದಳು. ನಾನು ಅಂಗಡಿಯವರಿಗೂ ಕೇಳುವಂತೆ ಊರಿನ ಮಾತಿನಲ್ಲಿ ಅಂದೆ.

"ಏನಮ್ಮ ಅದು ಗೊಣಗೋದು? ನಂಗೆ ನಿಮ್ಮ ಭಾಷೆ ಬರೋದಿಲ್ಲ."

ಅಂಗಡಿಯಲ್ಲಿ ನಕ್ಕರು. ಅಮ್ಮ ನನ್ನ ಮುಖವನ್ನೇ ನೋಡುತ್ತ ನಿಂತಳು. ಅವಳಿಗೆ ಸಿಟ್ಟು ಬಂದಿದ್ದರೆ ಎಷ್ಟೋ ವಾಸಿಯಿತ್ತು. ಅವಳು ತಲೆ ಅಲ್ಲಾಡಿಸಿ ಸುಮ್ಮನೆ ಹೊರಟುಹೋದಳು. ಹೋಗುವಾಗ ಕಲ್ಲಿನ ಮೇಲಿದ್ದ ತಗಡಿನ ಚೊಂಬನ್ನು ತೊಳೆದು ಬೆಂಚಿನ ಕೆಳಗಿಟ್ಟಳು. ನಾನು ಒಳಗೆ ಹೋಗಿ ಕೂತೆ. ಕಾಫಿ ಬೇಕಿರಲಿಲ್ಲ. ಆದರೂ ಕುಡಿದೆ, ನೋಡುತ್ತಿದ್ದರಲ್ಲ. ನಾನು ಬದುಕಿದ್ದೇ ಹಾಗೆ, ನೋಡುವವರಿಗಾಗಿ.

ಐದನೆಯ ದಿನ ಬೆಳಿಗ್ಗೆ ರಸ್ತೆ ಇಲಾಖೆಯ ಸಾಹೇಬರು ಬಂದರು. ಅಬೆಸೊಲೊ ಅವರ ಹೆಸರು. ದಪ್ಪನೆಯ ಮನುಷ್ಯ, ಕೆಟ್ಟವನೇನೂ ಅಲ್ಲ, ಇಪ್ಪತ್ತು ವರ್ಷದಿಂದ ರಸ್ತೆಯ ಮಣ್ಣಿನಲ್ಲೇ ಓಡಾಡಿದವನು. ಹಳ್ಳ ಅರ್ಧ ಕೂಡ ತುಂಬಿರಲಿಲ್ಲ. ಅದನ್ನು ನೋಡಿ, ಇನ್ನೂ ಹತ್ತು ದಿನ ಮಾಡಲಿ, ಆಮೇಲೆ ಮೋರಿಯನ್ನೂ ಇವರೇ ಕಟ್ಟಲಿ ಎಂದರು. ನಾನು ಆ ಮಾತನ್ನು ಕೂಗಿ ಹೇಳಿದೆ.

ಅಮ್ಮ ಆಗ ತಾನೇ ಹೊಳೆಯಿಂದ ಬಂದಿದ್ದಳು. ಅವಳು ಕೆಳಗೆ ಬಗ್ಗಿ ಪಟ್ಟಿಯನ್ನು ಹಣೆಯಿಂದ ಬಿಡಿಸಿದಳು. ಬುಟ್ಟಿ ನೆಲಕ್ಕೆ ಬಿತ್ತು. ಕಲ್ಲು ಉರುಳಿದವು. ಅವಳು ತಲೆ ಎತ್ತಿದಳು. ಹಣೆಯ ತುಂಬ ಹಸಿ ಗಾಯ. ಸಾಹೇಬರ ಮುಂದೆ ಬಂದು ನಿಂತು, ಊರಿನ ಮಾತಿನಲ್ಲಿ, ತಡವರಿಸುತ್ತ, ಇಲ್ಲಿ ಬಂದು ಒಂದು ನೋಡಬೇಕು ಎಂದಳು.

 ಆ ಮುದುಕಿಗೆ ತಲೆ ಸರಿಯಿಲ್ಲ ಸ್ವಾಮಿ ಎಂದೆ. ಹೌದು, ಅಂದೆ. ಈ ಬಾಯಿಂದಲೇ.

ಸಾಹೇಬರು ಅವಳ ಹಿಂದೆ ಹೋದರು. ಅವಳು ಬೋರಲು ಬುಟ್ಟಿಯನ್ನು ಎತ್ತಿದಳು. ಸಾಹೇಬರು ಕುಕ್ಕರಗಾಲಲ್ಲಿ ಕೂತು ನೋಡಿದರು. ರಸ್ತೆಯ ಮನುಷ್ಯ, ಅವರಿಗೆ ಮಣ್ಣು ಓದಲು ಬರುತ್ತಿತ್ತು. ನೀರು ತುಂಬಿದ್ದಾಗ ಇಟ್ಟ ಹೆಜ್ಜೆ, ಅದರ ಮೇಲೆ ಟೈರು. ಹಾಗಾದರೆ ರಸ್ತೆ ಹಸಿಯಿದ್ದಾಗಲೇ ಗೇಟು ಎತ್ತಿದ್ದಾರೆ. ಅವರು ನನ್ನ ಕಡೆ ನೋಡಲಿಲ್ಲ. ಬಾಕಾ ಗಂಡಸರ ಕಾಲುಗಳ ಕಡೆ ನೋಡಿ, ಯಾರದಿದು, ಮುಂದೆ ಬನ್ನಿ ಎಂದರು.

"ನಮ್ಮೋರ್ದಲ್ಲ ಸ್ವಾಮಿ" ಎಂದಳು ಅಮ್ಮ.

"ಬರಿಗಾಲಿನ ಗುರುತು. ನಿಮ್ದಲ್ದೆ ಇನ್ಯಾರ್ದು?"

"ನಾನು ಹೆತ್ತ ಕಾಲದು. ಬೂಟಿನೊಳಗಿದೆ, ಬಿಚ್ಚಿಸಿ ನೋಡಿ" ಎಂದಳು. ಆಮೇಲೆ ತನ್ನ ಎಡಗಾಲನ್ನು ಆ ಗುರುತಿನ ಪಕ್ಕ ಊರಿದಳು. ಅವಳ ಕಿರುಬೆರಳೂ ಹೊರಕ್ಕೆ ತಿರುಗಿತ್ತು. "ಹೆತ್ತಿದ್ದು ನಾನು. ಆದ್ರೆ ನಮ್ಮೋರ್ದಲ್ಲ. ನಮ್ಮೋರ್ ಯಾರೂ ಆನೆ ದಾರೀನ ಹಿಂಗೆ ಹಾಳ್ಮಾಡಲ್ಲ."

 ಪೆಲಾಜಿಯ ಅಂಗಡಿಯವರೆಲ್ಲ ರಸ್ತೆಗೆ ಬಂದಿದ್ದರು. ಬಿಚ್ಚು ಎಂದರು ಸಾಹೇಬರು. ನಾನು ಅಲ್ಲೇ, ಎಲ್ಲರ ಮುಂದೆ, ನೆಲದ ಮೇಲೆ ಕೂತು ಬೂಟು ಎಳೆದೆ. ಬೆವರಿಗೆ ಅಂಟಿಕೊಂಡಿತ್ತು, ಬರಲಿಲ್ಲ. ಒಬ್ಬ ಊರಿನವನು ಬಂದು ಹಿಡಿದು ಎಳೆದ. ಬೂಟು ಕಿತ್ತು ಬಂತು. ಎಲ್ಲರೂ ನನ್ನ ಬೆರಳು ನೋಡಿದರು. ಮೊದಲು ನಕ್ಕವಳು ಪೆಲಾಜಿ.

"ಇವನಿಗೆ ನಾನು ಒಳಗೆ ಕೂರಿಸಿ ಗಾಜಿನ ಲೋಟದಲ್ಲಿ ಕೊಡ್ತಿದ್ನಲ್ಲ" ಎಂದಳು.

ನಾನು ಎರಡು ದೇಶದ ದಾರಿ ಕೆಡಿಸಿದ್ದು, ಪುಸ್ತಕದಲ್ಲಿ ಸುಳ್ಳು ಬರೆದದ್ದು, ಒಬ್ಬ ಮುದುಕನನ್ನು ಜೈಲಿಗೆ ಕಳಿಸಿದ್ದು, ಇದಾವುದಕ್ಕೂ ಅಲ್ಲಿ ಯಾರೂ ಮುಖ ಕಿವಿಚಲಿಲ್ಲ. ಲೋಟಕ್ಕೆ ಕಿವಿಚಿದರು. ಅದನ್ನು ನೋಡಿ ನನಗೆ ಮೊದಲ ಬಾರಿಗೆ ಸಿಟ್ಟು ಬಂತು. ಆದರೆ ಸಿಟ್ಟಾಗುವ ಹಕ್ಕನ್ನು ನಾನು ಯಾವತ್ತೋ ಕಳೆದುಕೊಂಡಿದ್ದೆ.

ಸಾಹೇಬರು ಗೇಟಿನ ಪುಸ್ತಕ ತರಿಸಿ, ನಾನು ಬರೆದ ಹಾಳೆಯನ್ನು ಹರಿದು ಕಿಸೆಗೆ ಹಾಕಿಕೊಂಡರು. ವಿಚಾರಣೆ ನಡೆದು ಕಂಪನಿಯ ಹೆಸರು ಹೊರಬಂದರೆ ಅವರಿಗೂ ತೊಂದರೆ. ಆಯಿತು, ವಿಷಯ ಮುಗಿಯಿತು, ಎಲ್ಲರೂ ಕೆಲಸಕ್ಕೆ ಹೋಗಿ ಎಂದರು. ಅಂದರೆ ಬಾಕಾಗಳು ಕಲ್ಲು ಹೊರಬೇಕು. ತಪ್ಪು ಯಾರದೆಂದು ತಿಳಿದ ಮೇಲೂ ಅವರೇ ಹೊರಬೇಕು.

ಅಮ್ಮ ರಸ್ತೆಯ ನಡುವೆ, ನನ್ನ ಹೆಜ್ಜೆಯ ಪಕ್ಕ, ಕೂತಳು. ಕಾಲು ಚಾಚಿ ಕೂತಳು. ಒಬ್ಬೊಬ್ಬರಾಗಿ ಉಳಿದವರೂ ಬುಟ್ಟಿ ಇಳಿಸಿ ಬಂದು ಕೂತರು. ಗಂಡಸರು, ಹೆಂಗಸರು, ಕೂಸುಗಳು. ಹಳ್ಳದ ಪಕ್ಕದಲ್ಲಿ ಲಾರಿಗಳು ನುಸುಳಲು ಒಂದು ಕಿರಿದಾದ ಜಾಗ ಮಾಡಿದ್ದರು. ಸರಿಯಾಗಿ ಅಲ್ಲೇ ಕೂತರು. ಎಂಜೊಂಬೊನನ್ನು ತಂದುಬಿಡಿ, ಏಳುತ್ತೇವೆ ಎಂದರು. ಬೇರೇನೂ ಕೇಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಆ ಕಡೆ ಏಳು, ಈ ಕಡೆ ಒಂಬತ್ತು ಲಾರಿ ನಿಂತವು. ಹಾರನ್ ಹೊಡೆದರು, ಬೈದರು. ಮೀನಿನ ಲಾರಿ ನಾರತೊಡಗಿತು. ಒಬ್ಬ ಚಾಲಕ ಇಂಜಿನ್ ಗುರುಗುಟ್ಟಿಸುತ್ತ ಲಾರಿಯನ್ನು ಅಮ್ಮನ ಪಾದದ ಒಂದು ಮೊಳದವರೆಗೆ ತಂದು ನಿಲ್ಲಿಸಿದ. ಅವಳು ಕಾಲು ಮಡಚಲಿಲ್ಲ. ಸಾಹೇಬರು ಬೆವರು ಒರೆಸಿಕೊಳ್ಳುತ್ತ, ಯಾರಪ್ಪನ ರಸ್ತೆ ಅಂದ್ಕೊಂಡಿದ್ದೀರಿ ಎಂದು ಕೂಗಿದರು.

"ನಮ್ಮಪ್ಪಂದು" ಎಂದಳು ಅಮ್ಮ. "ಮೊದ್ಲು ಆನೆ ನಡೀತು. ಹೊಳೆ ಎಲ್ಲಿ ದಾಟ್ಬೇಕು, ದಿಣ್ಣೆ ಎಲ್ಲಿದೆ, ಅದಕ್ಕೆ ಗೊತ್ತು. ಆನೆ ಹಿಂದೆ ನಮ್ಮಪ್ಪ ನಡೆದ. ನಮ್ಮಪ್ಪನ ಹಿಂದೆ ಬಿಳಿಯೋನು ಅಳತೆ ಹಗ್ಗ ಹಿಡ್ಕೊಂಡ್ ಬಂದ. ದಾರಿ ತೋರ್ಸಿದ ನಮ್ಮಪ್ಪನ ಬೆನ್ನಿಗೆ ಕಲ್ಲು ಕಟ್ಟಿದ್ರು. ಅವತ್ತಿಂದ ಹೊರ್ತಿದ್ದೀವಿ. ನಿಮ್ ಗಾಡೀಲಿ ನಮಗೆ ಸೀಟಿಲ್ಲ. ಇವತ್ತು ನಾವೇ ಹೊತ್ತಿದ್ ಕಲ್ಮೇಲೆ ಕೂತಿದ್ದೀವಿ. ಕೂರಕ್ ಬಿಡಿ."

ಸಾಹೇಬರು ನನ್ನ ಕಡೆ ತಿರುಗಿದರು. ನೀನು ಇವರವನೇ ಅಲ್ಲವೇನಯ್ಯ, ನಿನ್ನ ಭಾಷೆಯಲ್ಲಿ ಹೇಳಿ ಎಬ್ಬಿಸು ಎಂದರು. ಯಾರೋ ಹಿಂದಿನಿಂದ ನನ್ನನ್ನು ನೂಕಿದರು. ನಾನು ಬರಿಗಾಲಲ್ಲಿ ಅವರ ನಡುವೆ ಹೋಗಿ ಅಮ್ಮನ ಮುಂದೆ ಮೊಣಕಾಲೂರಿದೆ. ಸಾಹೇಬರು ಹೇಳಿದ್ದನ್ನು ಹೇಳಲು ಹೋಗಿರಲಿಲ್ಲ. ಹದಿನೆಂಟು ವರ್ಷ ಆಡದ ಮಾತನ್ನು ಬಾಯಲ್ಲಿ ಹುಡುಕಿದೆ. ಬಂತು. ಅಮ್ಮ, ನನ್ನದು ತಪ್ಪಾಯಿತು ಎಂದು ಬಾಕಾ ಮಾತಿನಲ್ಲಿ ಅಂದೆ. ಎಲ್ಲರಿಗೂ ಕೇಳುವಂತೆಯೇ ಅಂದೆ.

ಅಮ್ಮ ನನ್ನನ್ನು ನೋಡಿದಳು. ಅಕ್ಕಪಕ್ಕದವರೂ ನೋಡಿದರು. ಆಮೇಲೆ ಅವಳು ಊರಿನ ಮಾತಿನಲ್ಲಿ, ಸಾಹೇಬರಿಗೆ ಹೇಳುವ ಹಾಗೆ ವಿನಯದಿಂದ ಹೇಳಿದಳು.

"ಏನಂದ್ರಿ ಸ್ವಾಮಿ? ನಿಮ್ ಭಾಷೆ ನಮಗೆ ಬರಲ್ಲ."

ಯಾರೂ ನಗಲಿಲ್ಲ. ನಾನು ಎದ್ದು ಬದಿಗೆ ಹೋದೆ.

ನಾಲ್ಕು ಗಂಟೆಗೆ ಒಂದು ಮೋಟರ್ ಸೈಕಲ್ ಮೇಲೆ ಎಂಜೊಂಬೊನನ್ನು ತಂದರು. ಕಂಪನಿಯವರೇ ಫೋನ್ ಮಾಡಿ ಬಿಡಿಸಿದರಂತೆ. ಅವರ ಐದು ಲಾರಿ ನಿಂತಿದ್ದವು. ಅವನು ಸೊರಗಿದ್ದ. ಕೆಮ್ಮುತ್ತ ಇಳಿದು, ಕೂತಿದ್ದವರನ್ನು ನೋಡಿ, ಏನು, ಎಲ್ಲರೂ ಗಾಡಿಗೆ ಕಾಯ್ತಿದ್ದೀರಾ ಎಂದ. ಅವರು ನಕ್ಕರು. ಆ ಇಡೀ ವಾರದಲ್ಲಿ ಅವರು ನಕ್ಕದ್ದನ್ನು ಕೇಳಿದ್ದು ಆಗಲೇ. ಎದ್ದರು. ಬುಟ್ಟಿಗಳನ್ನು ಅಲ್ಲೇ ಬಿಟ್ಟರು. ಸಾಹೇಬರು ಕೆಲಸ, ಕೆಲಸ ಎಂದು ಕೂಗಿದರು. ಅವರು ಅಗೆಯುವ ಕೋಲು, ಮಡಕೆ, ಕೂಸುಗಳನ್ನು ಎತ್ತಿಕೊಂಡು, ರಸ್ತೆ ದಾಟಿ, ಸಾಲಾಗಿ ಕಾಡಿನೊಳಗೆ ಹೋದರು. ಗೆಣಸಿನ ಪಯಣಕ್ಕೆ ಕಾಲ ಇನ್ನೂ ಮೀರಿರಲಿಲ್ಲ. ಅಮ್ಮ ಎಲ್ಲರಿಗಿಂತ ಕೊನೆಯವಳು. ತಿರುಗಿ ನೋಡುತ್ತಾಳೆಂದು ನಾನು ಕಾದೆ. ನೋಡಲಿಲ್ಲ.

ಲಾರಿಗಳು ಒಂದೊಂದಾಗಿ ನುಸುಳಿ ಹೋದವು. ಸೋಮವಾರದಿಂದ ಬೇರೆ ಗೇಟಿನವನು ಬರುತ್ತಾನೆ ಎಂದರು ಸಾಹೇಬರು. ಅಲ್ಲಿಯವರೆಗೆ ಹಳ್ಳ ನೀನು ತುಂಬು ಎಂದು ಹೇಳಿ ಗಾಡಿ ಹತ್ತಿದರು.

ಮರುದಿನ ಬೆಳಿಗ್ಗೆ ಮೊಂಡುಕಟ್ಟೆಯ ಮೇಲೆ ಏನೂ ಇರಲಿಲ್ಲ. ಹಸಿವಾಗಿತ್ತು. ಪೆಲಾಜಿಯ ಅಂಗಡಿಗೆ ಹೋದೆ, ಬಾಗಿಲಲ್ಲಿ ನಿಂತೆ. ಅವಳು ಬೆಂಚಿನ ಕೆಳಗೆ ಬಗ್ಗಿ ತಗಡಿನ ಚೊಂಬು ತೆಗೆದು, ಕಾಫಿ ಹುಯ್ದು, ನನ್ನನ್ನು ದಾಟಿಕೊಂಡು ಹೋಗಿ ಹೊರಗಿನ ಕಲ್ಲಿನ ಮೇಲೆ ಇಟ್ಟಳು. ನಾನು ಹೊರಗೆ ಕೂತು ಕುಡಿದೆ. ಅಂಚು ನಗ್ಗಿದ್ದರಿಂದ ತುಟಿಗೆ ಸರಿಯಾಗಿ ಕೂರುವುದಿಲ್ಲ, ಗಲ್ಲದ ಮೇಲೆ ಸುರಿಯುತ್ತದೆ. ಅಮ್ಮ ಇದರಲ್ಲೇ ಕುಡಿಯುತ್ತಿದ್ದಳು, ನಾನು ಒಳಗಿನಿಂದ ನೋಡುತ್ತಿದ್ದೆ. ತೊಳೆದು ಇಟ್ಟೆ.

ರಸ್ತೆಯಲ್ಲಿ ಬುಟ್ಟಿಗಳು ಬಿದ್ದಿದ್ದವು. ಅಮ್ಮನದು ಯಾವುದೆಂದು ಗುರುತು ಸಿಕ್ಕಿತು. ಪಟ್ಟಿಗೆ ಹಣೆಯ ನೀರು ಹತ್ತಿ ಒಣಗಿತ್ತು. ಹೊಳೆಗೆ ಹೋಗಿ ಕಲ್ಲು ತುಂಬಿದೆ. ಬೆನ್ನಿಗೆ ಹಾಕಿಕೊಂಡು ಪಟ್ಟಿಯನ್ನು ಹಣೆಗೆ ಏರಿಸಿದೆ. ಒಬ್ಬೊಬ್ಬರ ತಲೆಗೆ ತಕ್ಕಂತೆ ಅಳೆದು ಕಟ್ಟಿದ ಪಟ್ಟಿ ಅದು, ಇನ್ನೊಬ್ಬರಿಗೆ ಆಗುವುದಿಲ್ಲ. ಬಿಗಿ ಮಾಡಬೇಕಾದೀತು, ಇಲ್ಲ ಸಡಿಲಿಸಬೇಕಾದೀತು ಎಂದುಕೊಂಡಿದ್ದೆ.

ಸರಿಯಾಗಿ ಕೂತಿತು.